ಜೀತದಲ್ಲಿರುವವರನ್ನು ಬಿಡಿಸೋದು ಹೇಗೆ? ಅರ್ಜಿಯಿಂದ ಬಿಡುಗಡೆ ಪತ್ರದವರೆಗೆ

"ನಮ್ಮೂರ ಹತ್ರ ಇಟ್ಟಿಗೆ ಗೂಡಲ್ಲಿ ಒಂದು ಕುಟುಂಬ ಇದೆ. ಊರಿಗೆ ಹೋಗೋಕೆ ಬಿಡ್ತಿಲ್ಲ. ಏನ್ ಮಾಡ್ಬೇಕು?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಒಮ್ಮೆ ಶುಂಠಿ ಹೊಲ, ಇನ್ನೊಮ್ಮೆ ಕಲ್ಲು ಕ್ವಾರಿ, ಕಾಫಿ ತೋಟದ ಲೈನ್ ಮನೆ, ಕಬ್ಬು ಕಡಿಯುವ ಗ್ಯಾಂಗು. ಜಾಗ ಬದಲಾಗುತ್ತದೆ, ಪ್ರಶ್ನೆ ಅದೇ. ಪ್ರತಿ ಸಲ ಫೋನಲ್ಲಿ ಅರ್ಧ ಗಂಟೆ ಹೇಳೋದಕ್ಕಿಂತ ಒಂದೇ ಕಡೆ ಬರೆದಿಡೋಣ ಅಂತ ಕೂತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಜನರನ್ನು ಅಲ್ಲಿಂದ ಹೊರಗೆ ತಂದು ಬಸ್ಸು ಹತ್ತಿಸಿದರೆ ಕೆಲಸ ಮುಗಿಯಿತು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಮುಗಿಯುವುದಿಲ್ಲ. ಬಿಡುಗಡೆ ಪತ್ರ ಇಲ್ಲದೆ ಊರು ಸೇರಿದವರ ಮನೆ ಬಾಗಿಲಿಗೆ ಮೇಸ್ತ್ರಿ, ಅಂದರೆ ಆಳುಗಳನ್ನು ಕರೆತರುವ, ಮುಂಗಡ ಹಂಚುವ ಮಧ್ಯವರ್ತಿ, ಬಂದೇ ಬರುತ್ತಾನೆ. ಬಿಡುಗಡೆ ಪತ್ರ ಅಂದರೆ "ಇವರು ಜೀತದಲ್ಲಿದ್ದರು, ಇಂದಿನಿಂದ ಬಿಡುಗಡೆಯಾಗಿದ್ದಾರೆ, ಇವರ ಮೇಲಿನ ಸಾಲ ರದ್ದಾಗಿದೆ" ಅಂತ ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿ ಸಹಿ ಹಾಕಿ ಕೊಡುವ ಕಾಗದ. ಪರಿಹಾರ, ರಕ್ಷಣೆ, ಕೇಸು, ಎಲ್ಲಕ್ಕೂ ಅದೇ ಬುಡ. ಕೆಳಗಿನ ಪ್ರತಿ ಹೆಜ್ಜೆಯೂ ಆ ಕಾಗದದ ಕಡೆಗೇ ಹೋಗುತ್ತದೆ.

1. ಇದು ಜೀತವೇ? ಮೊದಲು ನೀವೇ ನೋಡಿಕೊಳ್ಳಿ

ಜೀತ ಅಂದ ತಕ್ಷಣ ಕಾಲಿಗೆ ಸರಪಳಿ, ಬಾಗಿಲಿಗೆ ಬೀಗ ಅಂತ ಹುಡುಕಬೇಡಿ. ಎಷ್ಟೋ ಕಡೆ ಬೀಗವೇ ಇರುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಸಂತೆಗೆ ಹೋಗಬಹುದು, ಆದರೆ ಮಕ್ಕಳು ಗೂಡಲ್ಲೇ ಇರಬೇಕು. ಆ ಮಕ್ಕಳೇ ಬೀಗ.

1976ರ ಜೀತ ಕಾರ್ಮಿಕ ಪದ್ಧತಿ ರದ್ದತಿ ಕಾಯ್ದೆಯಲ್ಲಿ ದೇಶದ ಬೇರೆ ಬೇರೆ ಕಡೆ ಈ ಪದ್ಧತಿಗಿರುವ ಹೆಸರುಗಳ ಪಟ್ಟಿಯೇ ಇದೆ. ನಮ್ಮ 'ಜೀತ' ಅನ್ನೋ ಪದವೂ ಅದರಲ್ಲಿದೆ. ಕಾಯ್ದೆಗೂ ಮೊದಲು ಹೊರಡಿಸಿದ ಸುಗ್ರೀವಾಜ್ಞೆ ಜಾರಿಗೆ ಬಂದದ್ದು 1975ರ ಅಕ್ಟೋಬರ್ 25ಕ್ಕೆ. ಅವತ್ತೇ ದೇಶದ ಎಲ್ಲ ಜೀತದಾಳುಗಳೂ ಬಿಡುಗಡೆಯಾದರು, ಕಾನೂನಿನ ಲೆಕ್ಕದಲ್ಲಿ.

ಎರಡು ಪ್ರಶ್ನೆ ಕೇಳಿ. ಮೊದಲನೆಯದು, ಕೆಲಸಕ್ಕೆ ಹೇಗೆ ಸೇರಿದರು? ಮುಂಗಡ ಪಡೆದೋ, ಅಪ್ಪ ಮಾಡಿದ ಸಾಲ ತೀರಿಸೋಕೋ, ಜಾತಿ ಅಥವಾ ಹಳೇ ಪದ್ಧತಿಯ ಕಟ್ಟಿಗೆ ಬಿದ್ದೋ? ಎರಡನೆಯದು, ಸೇರಿದ ಮೇಲೆ ಏನು ಕಳೆದುಕೊಂಡರು? ಕಾಯ್ದೆ ನಾಲ್ಕು ಸಂಗತಿ ಹೇಳುತ್ತದೆ. ಕನಿಷ್ಠ ಕೂಲಿಗಿಂತ ಕಡಿಮೆ ಕೊಡುವುದು ಅಥವಾ ಏನೂ ಕೊಡದಿರುವುದು. ಬೇರೆ ಕಡೆ ಕೆಲಸಕ್ಕೆ ಹೋಗಲು ಬಿಡದಿರುವುದು. ಬೇಕಾದ ಕಡೆ ಓಡಾಡಲು ಬಿಡದಿರುವುದು. ತಮ್ಮ ದುಡಿಮೆಯನ್ನೋ ಬೆಳೆದದ್ದನ್ನೋ ಮಾರುಕಟ್ಟೆ ಬೆಲೆಗೆ ಮಾರಲು ಬಿಡದಿರುವುದು. ಈ ನಾಲ್ಕರಲ್ಲಿ ಒಂದಿದ್ದರೂ ಸಾಕು. ನಾಲ್ಕೂ ಬೇಕು ಅಂತ ಯಾರಾದರೂ ಅಧಿಕಾರಿ ಹೇಳಿದರೆ ಕಾಯ್ದೆಯ 2ನೇ ಸೆಕ್ಷನ್ ತೆರೆದು ತೋರಿಸಿ.

ಸುಪ್ರೀಂ ಕೋರ್ಟಿನ ಎರಡು ತೀರ್ಪು ನೆನಪಿಟ್ಟುಕೊಳ್ಳಿ. ದೆಹಲಿಯ ಏಷ್ಯನ್ ಗೇಮ್ಸ್ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ, 1982ರಲ್ಲಿ, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಂಡರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಅಂತ ಕೋರ್ಟು ಹೇಳಿತು. ಹಸಿವು, ಬಡತನ ಕೂಡ ಬಲವಂತವೇ ಅಂದಿತು. ಹರಿಯಾಣದ ಫರೀದಾಬಾದಿನ ಕಲ್ಲು ಕ್ವಾರಿಗಳ ಬಂಧುವಾ ಮುಕ್ತಿ ಮೋರ್ಚಾ ಪ್ರಕರಣದಲ್ಲಿ, 1983ರ ಡಿಸೆಂಬರಿನಲ್ಲಿ, ಬಲವಂತದ ದುಡಿಮೆ ಅಂತ ಕಂಡುಬಂದರೆ ಮುಂಗಡ ಪಡೆದೇ ದುಡಿಯುತ್ತಿದ್ದಾರೆ ಅಂತ ಭಾವಿಸಬೇಕು, ಅಲ್ಲ ಅನ್ನುವುದಾದರೆ ಮಾಲೀಕ ತೋರಿಸಲಿ ಅಂದಿತು.

ಹಾಗಂತ ಸಂಬಳ ಬಾಕಿ ಇರೋದೆಲ್ಲ ಜೀತ ಅಲ್ಲ. ಎರಡು ತಿಂಗಳ ಸಂಬಳ ಬಂದಿಲ್ಲ, ಸಾಲ ಇಲ್ಲ, ಬಿಟ್ಟು ಹೋಗಲು ಅಡ್ಡಿಯೂ ಇಲ್ಲ ಅಂದರೆ ಅದು ಕಾರ್ಮಿಕ ಇಲಾಖೆಯ ದೂರು. ಎರಡನ್ನೂ ಕಲಸಿದರೆ ಮುಂದೆ ನಿಜವಾದ ಜೀತದ ಅರ್ಜಿಯನ್ನೂ ಯಾರೂ ನಂಬುವುದಿಲ್ಲ.

2. ಅವರ ಜೊತೆ ಮಾತಾಡಿ, ಗೂಡಿನ ಹತ್ತಿರ ಅಲ್ಲ

ಸಂತೆ ದಿನ, ಕಿರಾಣಿ ಅಂಗಡಿ, ಆಸ್ಪತ್ರೆ ಸಾಲು, ಇಂಥ ಕಡೆ ಸಿಗುತ್ತಾರೆ. ಎಷ್ಟೋ ಸಲ ಮೇಸ್ತ್ರಿ ಅವರದೇ ಊರಿನವನು, ನೆಂಟನೂ ಆಗಿರುತ್ತಾನೆ. ಅವನಿರುವ ಕಡೆ ಒಂದು ಮಾತೂ ಬೇಡ. ಫೇಸ್‌ಬುಕ್ ಲೈವ್ ಅಂತೂ ಬೇಡವೇ ಬೇಡ. ಗೂಡಿನ ಮುಂದೆ ನಿಂತು ವಿಡಿಯೋ ಮಾಡಿದ ಪುಣ್ಯಾತ್ಮರಿಂದ ರಾತ್ರೋರಾತ್ರಿ ಲಾರಿ ಬಂದು ಆಳುಗಳು ಬೇರೆ ಜಿಲ್ಲೆ ಸೇರಿದ ಕಥೆ ನನಗೆ ಗೊತ್ತು. ಬೆಳಗ್ಗೆ ತಹಶೀಲ್ದಾರ್ ಬಂದಾಗ ಅಲ್ಲಿದ್ದದ್ದು ಒಲೆಯ ಮೂರು ಕಲ್ಲು, ಬೂದಿ.

ಕೇಳಬೇಕಾದದ್ದು ಇಷ್ಟು: ಯಾವ ಊರು, ಯಾವಾಗ ಬಂದರು, ಯಾರು ಕರೆತಂದರು, ಎಷ್ಟು ಮುಂಗಡ, ಯಾರ ಕೈಯಿಂದ, ದಿನಕ್ಕೆ ಎಷ್ಟು ಗಂಟೆ ಕೆಲಸ, ಕೈಗೆ ಎಷ್ಟು ಸಿಗುತ್ತದೆ, ಮಕ್ಕಳು ದುಡಿಯುತ್ತಾರಾ, ಆಧಾರ್ ಕಾರ್ಡು ಯಾರ ಹತ್ತಿರ ಇದೆ, ಬಿಟ್ಟು ಹೋಗಲು ನೋಡಿದಾಗ ಏನಾಯಿತು. ಕೊನೆಯ ಪ್ರಶ್ನೆ ಮರೆಯಬೇಡಿ.

ಲೆಕ್ಕದ ಪುಸ್ತಕ ಇದ್ದರೆ ಫೋಟೋ ತೆಗೆದುಕೊಳ್ಳಿ. ನಾನು ನೋಡಿದ ಒಂದು ಪುಸ್ತಕ ಅಂಗೈ ಅಗಲದ್ದು, ರಟ್ಟಿಗೆ ಮಣ್ಣು ಮೆತ್ತಿತ್ತು. ಎಡ ಪುಟದಲ್ಲಿ ಮುಂಗಡ, ವಾರದ ಖರ್ಚಿ ಅಂತ ಕೊಟ್ಟ ಚಿಲ್ಲರೆ, ಜ್ವರದ ಮಾತ್ರೆ, ಊರಿಂದ ಕರೆತಂದ ಗಾಡಿ ಬಾಡಿಗೆ. ಬಲ ಪುಟದಲ್ಲಿ ಹೊಯ್ದ ಇಟ್ಟಿಗೆ, ಮಳೆಗೆ ಕರಗಿದ್ದು ಕಳೆದು. ನೆನೆದು ಹೋದ ಇಟ್ಟಿಗೆಯ ನಷ್ಟವೂ ಆಳಿನ ತಲೆಗೇ! ಏಳು ತಿಂಗಳು ದುಡಿದ ಮೇಲೂ ಮುಂಗಡ ಇಳಿದಿರಲಿಲ್ಲ, ಏರಿತ್ತು. ಇಂಥ ಒಂದು ಪುಟ ಹತ್ತು ಹೇಳಿಕೆಗೆ ಸಮ.

ಪುಸ್ತಕ ಇಲ್ಲ, ಕರಾರು ಪತ್ರ ಇಲ್ಲ ಅಂತ ಕೈಬಿಡಬೇಡಿ. ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ಇದು ಜೀತದ ಸಾಲ ಅಂತ ಆಳು ಹೇಳಿದರೆ, ಅಲ್ಲ ಅಂತ ಸಾಬೀತು ಮಾಡುವ ಹೊಣೆ ಸಾಲ ಕೊಟ್ಟವನದು.

3. ಅರ್ಜಿ ಬರೆಯಿರಿ

ಅರ್ಜಿ ಹೋಗಬೇಕಾದದ್ದು ಉಪವಿಭಾಗಾಧಿಕಾರಿಗೆ, ಅಂದರೆ ಜನ ಎ.ಸಿ. ಅನ್ನುವ ಅಧಿಕಾರಿಗೆ. ಪ್ರತಿಗಳು ಜಿಲ್ಲಾಧಿಕಾರಿಗೆ, ತಹಶೀಲ್ದಾರರಿಗೆ, ಎಸ್.ಪಿ.ಗೆ. ನಮ್ಮ ರಾಜ್ಯದಲ್ಲಿ ಜೀತ ವಿಮುಕ್ತರ ಪುನರ್ವಸತಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ ನೋಡಿಕೊಳ್ಳುವುದರಿಂದ ಜಿಲ್ಲಾ ಪಂಚಾಯ್ತಿಗೂ ಒಂದು ಪ್ರತಿ ಇರಲಿ. ಮಕ್ಕಳಿದ್ದರೆ ಮಕ್ಕಳ ಕಲ್ಯಾಣ ಸಮಿತಿಗೆ ಬೇರೆ ಅರ್ಜಿ ಕೊಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನೂ ಮಾಡಿ.

ಬಹಳ ಜನ ಎಡವುವುದು ಇಲ್ಲೇ. "ಕೂಲಿ ಕೊಡುತ್ತಿಲ್ಲ, ದಯವಿಟ್ಟು ನ್ಯಾಯ ಕೊಡಿಸಿ" ಅಂತ ಬರೆಯುತ್ತಾರೆ. ಹಾಗೆ ಬರೆದರೆ ಫೈಲು ನೇರವಾಗಿ ಕಾರ್ಮಿಕ ನಿರೀಕ್ಷಕರ ಮೇಜಿಗೆ ಹೋಗುತ್ತದೆ, ಅಲ್ಲಿ ಲೆಕ್ಕ ಚುಕ್ತಾ ಮಾಡಿಸಿ ಮುಗಿಸುತ್ತಾರೆ. 'ಜೀತ' ಅನ್ನೋ ಪದ ಮತ್ತು ಕಾಯ್ದೆಯ ಹೆಸರು ವಿಷಯದ ಸಾಲಲ್ಲೇ ಇರಬೇಕು. ಹೀಗೆ ಬರೆದರೆ ಸಾಕು:

"ವಿಷಯ: ಜೀತ ಕಾರ್ಮಿಕ ಪದ್ಧತಿ ರದ್ದತಿ ಕಾಯ್ದೆ 1976ರ ಅಡಿ ಜೀತದಾಳುಗಳನ್ನು ಗುರುತಿಸಿ ಬಿಡುಗಡೆ ಮಾಡುವ ಬಗ್ಗೆ. ಈ ಕೆಳಗಿನ ಜಾಗದಲ್ಲಿ ಇಷ್ಟು ಗಂಡಸರು, ಇಷ್ಟು ಹೆಂಗಸರು, ಇಷ್ಟು ಮಕ್ಕಳು ಮುಂಗಡ ಸಾಲಕ್ಕೆ ಸಿಲುಕಿ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುತ್ತಿದ್ದಾರೆ. ಬಿಟ್ಟು ಹೋಗಲು ಅವರಿಗೆ ಬಿಡುತ್ತಿಲ್ಲ. ಕೂಡಲೇ ಸ್ಥಳಕ್ಕೆ ಭೇಟಿ ಕೊಟ್ಟು, ಮಾಲೀಕರಿಲ್ಲದ ಕಡೆ ಪ್ರತಿಯೊಬ್ಬರ ಹೇಳಿಕೆ ಬೇರೆ ಬೇರೆ ಪಡೆದು, ಬಿಡುಗಡೆ ಪತ್ರ ಹಾಗೂ ತಕ್ಷಣದ ನೆರವು ನೀಡಬೇಕೆಂದು ಕೋರುತ್ತೇನೆ."

ಜಾಗದ ಗುರುತು ಸರಿಯಾಗಿ ಕೊಡಿ. ಸರ್ವೆ ನಂಬರ್ ಗೊತ್ತಿಲ್ಲದಿದ್ದರೆ ಫೋನಿನ ಮ್ಯಾಪಿನಲ್ಲಿ ಜಾಗ ಗುರುತಿಸಿ ಪ್ರಿಂಟ್ ಲಗತ್ತಿಸಿ. ಕೊಟ್ಟ ಅರ್ಜಿಗೆ ಸೀಲು ಹಾಕಿಸಿಕೊಂಡ ಸ್ವೀಕೃತಿ ಪ್ರತಿ ಇಲ್ಲದೆ ಕಚೇರಿಯಿಂದ ಹೊರಗೆ ಬರಬೇಡಿ. "ಇಟ್ಟು ಹೋಗಿ, ಸಾಹೇಬ್ರು ಮೀಟಿಂಗಲ್ಲಿದ್ದಾರೆ" ಅಂದರೆ ಕಾಯಿರಿ, ಇಲ್ಲವೇ ಅವತ್ತೇ ಸ್ಪೀಡ್ ಪೋಸ್ಟಿನಲ್ಲಿ ಹಾಕಿ. ಹಳ್ಳಿ ಮಟ್ಟದಲ್ಲಿ ಅರ್ಜಿ ಕೊಡೋದನ್ನು ನಾನು ಹೇಳುವುದಿಲ್ಲ. ಸುದ್ದಿ ಮಾಲೀಕನಿಗೆ ಮುಟ್ಟೋಕೆ ಒಂದು ಚಹಾ ಕುಡಿಯೋಷ್ಟು ಹೊತ್ತು ಸಾಕು.

ಪ್ರತಿ ಜಿಲ್ಲೆ, ಪ್ರತಿ ಉಪವಿಭಾಗದಲ್ಲಿ ಜಾಗೃತಿ ಸಮಿತಿ ಅಂತ ಇರಬೇಕು. ಪರಿಶಿಷ್ಟ ಜಾತಿ, ಪಂಗಡದ ಮೂವರು, ಸಮಾಜ ಸೇವಕರು ಇಬ್ಬರು, ಅಧಿಕಾರಿಗಳು ಸೇರಿದ ಸಮಿತಿ ಇದು. ಸದಸ್ಯರು ಯಾರು ಅಂತ ಎ.ಸಿ. ಕಚೇರಿಯಲ್ಲಿ ಕೇಳಿ. ಒಬ್ಬ ಸದಸ್ಯರು ಜೊತೆಗಿದ್ದರೂ ಕೆಲಸದ ವೇಗವೇ ಬೇರೆ. ರಾಜ್ಯದಲ್ಲಿ ಜೀವಿಕ (ಜೀತ ವಿಮುಕ್ತಿ ಕರ್ನಾಟಕ) ಥರದ ಸಂಘಟನೆಗಳು ವರ್ಷಗಳಿಂದ ಇದೇ ಕೆಲಸ ಮಾಡುತ್ತಿವೆ, ಅಂಥವರು ನಿಮ್ಮ ತಾಲ್ಲೂಕಿನಲ್ಲಿದ್ದರೆ ಒಬ್ಬರೇ ಹೋಗಬೇಡಿ.

4. ಕೂಡಿ ಹಾಕಿದ್ದಾರೆ, ಹೊಡೆಯುತ್ತಿದ್ದಾರೆ ಅಂದರೆ ಕಾಯಬೇಡಿ

ಆಗ ಅರ್ಜಿ ಆಮೇಲೆ, ಮೊದಲು ತುರ್ತು ಸಂಖ್ಯೆ 112ಕ್ಕೆ ಫೋನು. ಯಾರನ್ನೂ ಕೂಡಿ ಹಾಕುವ ಅಧಿಕಾರ ಯಾವ ಮಾಲೀಕನಿಗೂ ಇಲ್ಲ, ಎಷ್ಟು ಲಕ್ಷ ಸಾಲ ಇದ್ದರೂ ಇಲ್ಲ. ಪೊಲೀಸರು "ಇದು ಸಾಲದ ವ್ಯವಹಾರ, ಸಿವಿಲ್ ಮ್ಯಾಟರ್" ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 100ನೇ ಸೆಕ್ಷನ್ ಅಡಿ ಎ.ಸಿ.ಗೆ ಅರ್ಜಿ ಕೊಡಿ. ಅಕ್ರಮವಾಗಿ ಕೂಡಿ ಹಾಕಿದವರನ್ನು ಹುಡುಕಿ ತಮ್ಮ ಮುಂದೆ ತರಲು ಅವರು ವಾರಂಟ್ ಹೊರಡಿಸಬಹುದು. ಅದೂ ಆಗದಿದ್ದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ. "ಆ ಮನುಷ್ಯನನ್ನು ನಮ್ಮ ಮುಂದೆ ಹಾಜರುಪಡಿಸಿ" ಅಂತ ಕೋರ್ಟಿಂದ ಆದೇಶ ತರುವ ದಾರಿ ಅದು. ಬೆಂಗಳೂರು ದೂರ ಆದರೆ ಧಾರವಾಡ, ಕಲಬುರಗಿಯಲ್ಲೂ ಪೀಠಗಳಿವೆ.

ವಕೀಲರಿಗೆ ದುಡ್ಡಿಲ್ಲ ಅನ್ನಬೇಡಿ. ಬಿಟ್ಟಿ ಚಾಕರಿಗೆ, ಮಾನವ ಸಾಗಾಟಕ್ಕೆ ಸಿಕ್ಕಿದವರಿಗೆ ಉಚಿತ ವಕೀಲರನ್ನು ಕೊಡಬೇಕು ಅಂತ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯೇ ಹೇಳುತ್ತದೆ. ಫೋನ್ 15100.

5. ವಿಚಾರಣೆಯ ದಿನ

ಇದು ಅತಿ ನಾಜೂಕಾದ ದಿನ. ಅಧಿಕಾರಿಗಳು ಬಂದು ಮಾಲೀಕನ ಕಚೇರಿ ಮುಂದೆ ಕುರ್ಚಿ ಹಾಕಿಸಿಕೊಂಡು "ಏನಪ್ಪಾ, ನಿಂಗೆ ಇಲ್ಲಿ ತೊಂದ್ರೆ ಇದೆಯಾ?" ಅಂತ ಕೇಳಿದರೆ "ಇಲ್ಲ ಸಾ" ಅನ್ನೋದು ಬಿಟ್ಟು ಬೇರೆ ಏನು ಉತ್ತರ ಬರುತ್ತೆ ಹೇಳಿ? ಪಕ್ಕದಲ್ಲೇ ಮೇಸ್ತ್ರಿ ನಿಂತಿರುತ್ತಾನೆ. ಅದಕ್ಕೇ ಅರ್ಜಿಯಲ್ಲೇ "ಮಾಲೀಕರಿಲ್ಲದ ಕಡೆ" ಅಂತ ಬರೆಸಿದ್ದು. ಹೇಳಿಕೆ ತಾಲ್ಲೂಕು ಕಚೇರಿಯಲ್ಲೋ ಹಾಸ್ಟೆಲಿನಲ್ಲೋ ಆಗಲಿ, ಅವರನ್ನು ಅಲ್ಲಿಗೆ ಕರೆತನ್ನಿ ಅಂತ ಪಟ್ಟು ಹಿಡಿಯಿರಿ. ಒಡಿಶಾದಿಂದಲೋ ಬೇರೆ ರಾಜ್ಯದಿಂದಲೋ ಬಂದವರಾದರೆ ಅವರ ಭಾಷೆ ಬಲ್ಲವರನ್ನು ನೀವೇ ಹುಡುಕಿಟ್ಟುಕೊಂಡಿರಿ. ಮೇಸ್ತ್ರಿಯನ್ನೇ ಅನುವಾದಕ್ಕೆ ಕೂರಿಸುವುದನ್ನು ಕಂಡಿದ್ದೇನೆ, ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅಂದು ಮಾಲೀಕನ ಕಡೆಯವರು ರಾಜಿಗೆ ಬರುತ್ತಾರೆ. "ಅಡ್ವಾನ್ಸ್ ಅರ್ಧ ಬಿಟ್ಟುಬಿಡ್ತೀವಿ, ಉಳಿದಿದ್ದು ಕೊಟ್ಟು ಹೋಗ್ಲಿ." ಒಪ್ಪಬೇಡಿ. 6ನೇ ಸೆಕ್ಷನ್ ಪ್ರಕಾರ ಜೀತದ ಸಾಲ ಪೂರ್ತಿ ರದ್ದು. ರದ್ದಾದ ಸಾಲಕ್ಕೆ ದುಡ್ಡು ತೆಗೆದುಕೊಂಡರೆ 9ನೇ ಸೆಕ್ಷನ್ ಅಡಿ ಮೂರು ವರ್ಷದವರೆಗೆ ಜೈಲು. ರಾಜಿ ಮಾಡಿಸಲು ಕೂತ ಊರ ಹಿರಿಯರಿಗೂ ಇದನ್ನು ಮೆಲ್ಲಗೆ ಹೇಳಿ.

ಇನ್ನೊಂದು ಬಲೆ, "ಪಾಪ, ಊರಿಗೆ ಹೋಗ್ಬೇಕು ಅಂತಾರೆ, ಈಗಲೇ ಗಾಡಿ ಮಾಡಿ ಕಳಿಸ್ತೀವಿ" ಅನ್ನುವ ದಯೆ. ಕೇಳೋಕೆ ಚೆಂದ. ಆದರೆ ಹೇಳಿಕೆ ಇಲ್ಲದೆ, ಪತ್ರ ಇಲ್ಲದೆ ಗಾಡಿ ಹತ್ತಿದರೆ ಜೀತದ ಪ್ರಕರಣವೇ ಇಲ್ಲವಾಗುತ್ತದೆ. ಒಂದೆರಡು ದಿನ ಉಳಿಯಲು ಜಾಗ, ಊಟ ಕೇಳಿ. ಅದು ಕೊಡಬೇಕಾದದ್ದೇ.

6. ಬಿಡುಗಡೆ ಪತ್ರ ಮತ್ತು ತಕ್ಷಣದ ದುಡ್ಡು

ಪತ್ರ ಪ್ರತಿಯೊಬ್ಬರಿಗೂ ಬೇರೆ ಬೇರೆ ಇರಬೇಕು. ಮನೆಯ ಯಜಮಾನನ ಹೆಸರಿಗೆ ಒಂದೇ ಪತ್ರ ಮಾಡಿ "ಕುಟುಂಬ ಸಮೇತ" ಅಂತ ಬರೆದುಕೊಟ್ಟರೆ ವಾಪಸ್ ಕೊಡಿ. ಹೆಂಡತಿಯೂ ಇಟ್ಟಿಗೆ ಹೊಯ್ದಿದ್ದಾಳೆ, ಅವಳ ಪರಿಹಾರ ಗಂಡನಿಗಿಂತ ಜಾಸ್ತಿ ಬೇರೆ. ಹೆಸರು, ಆಧಾರಿನಲ್ಲಿರುವ ಕಾಗುಣಿತ, ಊರು, ತಾಲ್ಲೂಕು ಅಲ್ಲೇ ನಿಂತು ಓದಿ. ಒಂದಕ್ಷರ ತಪ್ಪಿದ್ದಕ್ಕೆ ಬ್ಯಾಂಕಿನಲ್ಲಿ ತಿಂಗಳುಗಟ್ಟಲೆ ಅಲೆದವರಿದ್ದಾರೆ.

ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ತಕ್ಷಣದ ನೆರವು ತಲಾ 30,000 ರೂಪಾಯಿವರೆಗೆ ಇದೆ. ಮೊದಲು 20,000 ಇತ್ತು, 2022ರಲ್ಲಿ ಏರಿಸಿದರು. ಇದಕ್ಕೆ ಕೋರ್ಟು ತೀರ್ಪು ಬೇಕಿಲ್ಲ. "ದೆಹಲಿಯಿಂದ ದುಡ್ಡು ಬರಲಿ" ಅನ್ನುವುದೂ ನೆಪ, ಯಾಕಂದರೆ ಇದಕ್ಕಂತಲೇ ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 10 ಲಕ್ಷದ ನಿಧಿ ಜಿಲ್ಲಾಧಿಕಾರಿ ಕೈಯಲ್ಲಿರಬೇಕು ಅಂತ ಯೋಜನೆಯಲ್ಲೇ ಇದೆ. ಬ್ಯಾಂಕ್ ಖಾತೆ ಅವರವರ ಹೆಸರಿನಲ್ಲಿರಲಿ. ಮೇಸ್ತ್ರಿ ಇಟ್ಟುಕೊಂಡ ಆಧಾರ್, ರೇಷನ್ ಕಾರ್ಡು, ಸಹಿ ಹಾಕಿಸಿಕೊಂಡ ಖಾಲಿ ಚೆಕ್ಕು, ಛಾಪಾ ಕಾಗದ ಎಲ್ಲವನ್ನೂ ಅಂದೇ ಪಂಚನಾಮೆಯಲ್ಲಿ ಬರೆಸಿ. ಬಿಟ್ಟರೆ ಆರು ತಿಂಗಳ ಮೇಲೆ ಚೆಕ್ ಬೌನ್ಸ್ ನೋಟಿಸು ಬರುತ್ತದೆ. ಸಾಲ ವಸೂಲಿಗೆ ದಾವೆ ಹಾಕಿದರೆ ಬಿಡುಗಡೆಯಾದವರ ಪರ ನಿಲ್ಲುವುದು ಜಾಗೃತಿ ಸಮಿತಿಯ ಕೆಲಸ, 14ನೇ ಸೆಕ್ಷನ್ ನೋಡಿ.

7. ಎಫ್‌ಐಆರ್

ಜೀತ ಕಾಯ್ದೆಯ 16, 17, 18ನೇ ಸೆಕ್ಷನ್ನುಗಳ ಶಿಕ್ಷೆ ಮೂರು ವರ್ಷದವರೆಗೆ ಜೈಲು, ದಂಡ 2,000 ರೂಪಾಯಿವರೆಗೆ. 1976ರಲ್ಲಿ ಬರೆದ ಮೊತ್ತ, ಇಂದು ನಗು ಬರುತ್ತದೆ. ಇದು ಸಂಜ್ಞೇಯ ಅಪರಾಧ, ಅಂದರೆ ಕೋರ್ಟಿನ ಅಪ್ಪಣೆ ಇಲ್ಲದೆ ಪೊಲೀಸರು ಕೇಸು ದಾಖಲಿಸಬೇಕು. ಆದರೆ ಜಾಮೀನು ಸಿಗುವಂಥದ್ದು. ಈ ಕಾಯ್ದೆ ಒಂದನ್ನೇ ಹಾಕಿಸಿದರೆ ಮಾಲೀಕ ಸಂಜೆಗೆ ಮನೆಯಲ್ಲಿರುತ್ತಾನೆ.

ಆದ್ದರಿಂದ ನಡೆದದ್ದಕ್ಕೆ ತಕ್ಕಂತೆ ಉಳಿದ ಸೆಕ್ಷನ್ನುಗಳನ್ನೂ ದೂರಿನಲ್ಲಿ ಕೇಳಿ. ಭಾರತೀಯ ನ್ಯಾಯ ಸಂಹಿತೆಯ 143 ಮಾನವ ಸಾಗಾಟಕ್ಕೆ, 127 ಕೂಡಿ ಹಾಕಿದ್ದಕ್ಕೆ, 146 ಬಲವಂತದ ದುಡಿಮೆಗೆ. ದುಡಿದವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿ, ದುಡಿಸಿಕೊಂಡವರು ಅಲ್ಲದಿದ್ದರೆ ದೌರ್ಜನ್ಯ ತಡೆ ಕಾಯ್ದೆಯ 3(1)(ಎಚ್). ಜಾತಿ ಪ್ರಮಾಣ ಪತ್ರ ಮೊದಲೇ ತರಿಸಿಡಿ. ಮಕ್ಕಳಿದ್ದರೆ ಬಾಲ ನ್ಯಾಯ ಕಾಯ್ದೆಯ 79. ಠಾಣೆ ವ್ಯಾಪ್ತಿ ನಮ್ಮದಲ್ಲ ಅಂದರೆ ಜೀರೋ ಎಫ್‌ಐಆರ್ ಕೇಳಿ, ಯಾವ ಠಾಣೆಯಲ್ಲಾದರೂ ದಾಖಲಿಸಿ ಸರಿಯಾದ ಠಾಣೆಗೆ ಕಳಿಸಬೇಕು.

ಮಾಲೀಕನೂ ಸುಮ್ಮನಿರುವುದಿಲ್ಲ. ಮೋಟಾರು ಕದ್ದರು, ಮುಂಗಡ ನುಂಗಿ ಓಡಿಹೋದರು ಅಂತ ಎದುರು ದೂರು ಕೊಡುತ್ತಾನೆ. ನಿಮ್ಮ ಸ್ವೀಕೃತಿ ಪ್ರತಿಯ ಮೇಲಿನ ತಾರೀಖು ಆಗ ಕೆಲಸಕ್ಕೆ ಬರುತ್ತದೆ.

8. ದೊಡ್ಡ ಪರಿಹಾರಕ್ಕೆ ಬೆನ್ನು ಬೀಳಿ

ಪೂರ್ಣ ಪರಿಹಾರ ಗಂಡಸರಿಗೆ 1 ಲಕ್ಷ, ಹೆಂಗಸರು ಮತ್ತು ಮಕ್ಕಳಿಗೆ 2 ಲಕ್ಷ, ಲೈಂಗಿಕ ಶೋಷಣೆ, ಸಾಗಾಟದಂಥ ತೀರಾ ಕ್ರೂರ ಪ್ರಕರಣಗಳಲ್ಲಿ 3 ಲಕ್ಷ. ಇಲ್ಲಿ ಒಂದು ಕೊಕ್ಕೆ ಇದೆ. ಕೊನೆಯ ಪಾವತಿಯನ್ನು ವಿಚಾರಣೆಯ ಫಲಿತಾಂಶಕ್ಕೆ ಕಟ್ಟಿಹಾಕಿದ್ದಾರೆ. ಕೇಸು ಬಿದ್ದುಹೋದರೆ ದುಡ್ಡೂ ಹೋಯಿತು ಅಂತ ಕಚೇರಿಯವರು ಹೇಳುವುದು ಇದೇ ಕಾರಣಕ್ಕೆ. ನನಗೆ ಇದು ಅನ್ಯಾಯ ಅನ್ನಿಸುತ್ತದೆ, ಪೊಲೀಸರು ಸಾಕ್ಷಿ ಸರಿಯಾಗಿ ಕಲೆಹಾಕದಿದ್ದರೆ ಆಳು ಯಾಕೆ ಕಳೆದುಕೊಳ್ಳಬೇಕು? ಆದರೆ ವಿಚಾರಣೆ ಮುಗಿದಿಲ್ಲ ಅನ್ನುವ ಕಾರಣಕ್ಕೆ ಪರಿಹಾರ ಕೋರುವ ಪ್ರಸ್ತಾವವನ್ನೇ ಸರ್ಕಾರಕ್ಕೆ ಕಳಿಸದೆ ಇಟ್ಟುಕೊಳ್ಳುವಂತಿಲ್ಲ. ಪ್ರಸ್ತಾವ ಹೋಯಿತಾ, ಯಾವ ತಾರೀಖು, ಯಾವ ನಂಬರು, ಇದನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಜೀತ ಕಾಯ್ದೆಯ ಪ್ರಕರಣವನ್ನು ಎ.ಸಿ. ಥರದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರೇ ಸಂಕ್ಷಿಪ್ತವಾಗಿ, ಅಂದರೆ ಉದ್ದದ ಕೋರ್ಟು ವಿಧಾನವಿಲ್ಲದೆ, ನಡೆಸಲು ಅವಕಾಶ ಇದೆ. ಅದನ್ನು ಬರವಣಿಗೆಯಲ್ಲಿ ಕೇಳಿ. ಉತ್ತರ ಬಾರದಿದ್ದರೆ ಮಾನವ ಹಕ್ಕುಗಳ ಆಯೋಗಕ್ಕೆ ಬರೆಯಿರಿ, ಖರ್ಚಿಲ್ಲ.

9. ಆಮೇಲೆ: ಸಂಘ

ಬಿಡುಗಡೆಯಾದವರು ಮತ್ತೆ ಜೀತಕ್ಕೆ ಬೀಳುವುದು ಸಾಮಾನ್ಯವಾಗಿ ಒಂದು ಆಸ್ಪತ್ರೆ ಬಿಲ್ಲಿಗೆ, ಒಂದು ಮದುವೆಗೆ. ಒಬ್ಬಂಟಿ ಕುಟುಂಬಕ್ಕೆ ಸಾಲ ಕೊಡುವವನು ಮೇಸ್ತ್ರಿ ಒಬ್ಬನೇ. ಊರಲ್ಲಿ ಸ್ವಸಹಾಯ ಗುಂಪು, ಕೂಲಿ ಕಾರ್ಮಿಕರ ಸಂಘ ಇದ್ದರೆ ಸೇರಿಸಿ. ಸಂಘ ಕಟ್ಟುವುದು ಸಂವಿಧಾನದ 19ನೇ ವಿಧಿಯ ಹಕ್ಕು, ಮೇಸ್ತ್ರಿಯ ಅಪ್ಪಣೆ ಬೇಡ. ಹೊಸದಾಗಿ ಕಾರ್ಮಿಕ ಸಂಘ ನೋಂದಾಯಿಸಲು ಏಳು ಜನ ಅರ್ಜಿ ಹಾಕಬಹುದು, ಆದರೆ ಆ ಸಂಸ್ಥೆ ಅಥವಾ ಉದ್ಯಮದ ಕಾರ್ಮಿಕರಲ್ಲಿ ಶೇ. 10 ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಸದಸ್ಯರಿರಬೇಕು. ಚದುರಿ ದುಡಿಯುವವರಿಗೆ ಇದು ಕಷ್ಟ, ಹಾಗಾಗಿ ಈಗಾಗಲೇ ಇರುವ ಸಂಘಕ್ಕೆ ಸೇರುವುದೇ ಸುಲಭ. ನೋಂದಣಿ ಇಲ್ಲದೆಯೂ ಹತ್ತು ಮನೆ ಸೇರಿ, "ಮುಂಗಡ ಪಡೆಯುವ ಮೊದಲು ನಮ್ಮಲ್ಲಿ ಒಬ್ಬರಿಗೆ ಹೇಳಬೇಕು" ಅಂತ ಮಾತು ಮಾಡಿಕೊಂಡರೂ ಅದು ಸಂಘವೇ.

ಬಿಡುಗಡೆ ಪತ್ರದ ಮೂಲ ಪ್ರತಿ ಯಾರ ಕೈಗೂ ಕೊಡಬೇಡಿ ಅಂತ ಅವರಿಗೆ ಹೇಳಿ, ನಾಲ್ಕು ಜೆರಾಕ್ಸ್ ಮಾಡಿಸಿ ಕೊಡಿ, ನಿಮ್ಮ ಫೋನಿನಲ್ಲೂ ಒಂದು ಫೋಟೋ ಇರಲಿ. ಇಟ್ಟಿಗೆ ಗೂಡಿನ ಹಂಗಾಮು ಶುರುವಾಗೋದು ಮಳೆ ನಿಂತ ಮೇಲೆ, ಮೇಸ್ತ್ರಿಗಳು ನೋಟಿನ ಕಟ್ಟು ಹಿಡಿದು ಹಳ್ಳಿಗೆ ಬರೋದೂ ಅದೇ ಹೊತ್ತಿಗೆ. ದೀಪಾವಳಿ ಕಳೆದ ವಾರ ಆ ಮನೆಗೆ ಒಂದು ಫೋನು ಮಾಡಿ.